ಒಂದ ಗೆರಿ, ಎರಡ ಗೆರಿ

ತಂಗಿಯ ಮದುವೆಯ ಸೀರೆ ತರಲು ಬೈಲಹೊಂಗಲದಿಂದ ಬೆಳಗಾವಿಗೆ ಹೋಗಿದ್ದೆವು. ಅವ್ವನಿಗೆ ಮೊಣಕಾಲು ನೋವು. ಶಹಾಪುರದ ಖಡೇಬಜಾರಿನಲ್ಲಿ ಆಕೆಯನ್ನು ಹೆಚ್ಚು ನಡೆಸಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಅಂಗಡಿಗೆ ಹತ್ತಿರವೇ, ಗಲ್ಲಿಯೊಂದು ಬಂದು ರಸ್ತೆಗೆ ಕೂಡುವ ಮೂಲೆಯಲ್ಲಿ ಜಾಗ ಖಾಲಿ ಕಂಡಿತು. ಅತ್ತಿತ್ತ ನೋಡಿದೆ, ನೋ ಪಾರ್ಕಿಂಗ್ ಬೋರ್ಡ್ ಕಾಣಲಿಲ್ಲ. ಕಾರು ಹಚ್ಚಿ ಒಳಗೆ ಹೋದೆವು.

ಮುಕ್ಕಾಲು ತಾಸಿನ ಮೇಲೆ ಸೀರೆಗಂಟು ಹಿಡಿದು ಹೊರಬಂದರೆ ಮುಂದಿನ ಗಾಲಿಗೆ ಹಳದಿ ಕಬ್ಬಿಣದ ಬೀಗ ಬಿದ್ದಿತ್ತು. ಪಕ್ಕದಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ನಿಂತಿದ್ದರು.

"ಇಲ್ಲಿ ಬೋರ್ಡ್ ಎಲ್ಲೈತ್ರಿ?" ಅಂತ ಜೋರಾಗಿಯೇ ಕೇಳಿದೆ.

"ಮೂಲ್ಯಾಗ ಬೋರ್ಡ್ ಬೇಕಾಗಂಗಿಲ್ರೀ. ರಸ್ತಾ ಕೂಡೂ ಜಾಗಾದಿಂದ ಐವತ್ತು ಮೀಟರ್ ತನಕ ಗಾಡಿ ಹಚ್ಚಂಗಿಲ್ಲ."

ನಾನು ನಂಬಲಿಲ್ಲ. ಅವರು ವಾದ ಬೆಳೆಸದೆ ಗಲ್ಲಿಯ ಬಾಯಿಗೆ ಕರೆದೊಯ್ದು, "ಇಲ್ಲೆ ನಿಂತು ನೋಡ್ರಿ" ಅಂದರು. ಅಷ್ಟರಲ್ಲಿ ಸಾಲಿ ಹುಡುಗಿಯೊಬ್ಬಳು ಸೈಕಲ್ ಮೇಲೆ ಗಲ್ಲಿಯಿಂದ ಬಂದಳು. ನನ್ನ ಕಾರು ಅಡ್ಡ. ಕುತ್ತಿಗೆ ಉದ್ದ ಮಾಡಿ ನೋಡಿದಳು, ಏನೂ ಕಾಣಲಿಲ್ಲ. ಸೈಕಲ್ಲಿನ ಮುಂದಿನ ಗಾಲಿಯನ್ನು ಮೆಲ್ಲಗೆ ರಸ್ತೆಗೆ ಚಾಚಿದಳು. ಟೆಂಪೋ ಒಂದು ಕಿರ್ ಎಂದು ಬ್ರೇಕ್ ಹಾಕಿ, ಗಾಲಿಗೆ ಗೇಣು ದೂರದಲ್ಲಿ ನಿಂತಿತು. ಹುಡುಗಿ ಹಿಂದೆ ಸರಿದು, ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿ ಹಿಡಿದು ನಿಂತಳು. ನನಗೆ ಮುಂದೆ ಮಾತು ಹೊರಡಲಿಲ್ಲ.

ಮನೆಗೆ ಬಂದು ಓದಿದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಆ 50 ಮೀಟರ್ ಮಾತು ಸ್ಪಷ್ಟವಾಗಿಯೇ ಇದೆ. ಫುಟ್‌ಪಾತ್, ಜೀಬ್ರಾ ಪಟ್ಟಿ, ಬಸ್ ನಿಲ್ದಾಣದ ಹತ್ತಿರ, ಶಾಲೆ ಆಸ್ಪತ್ರೆಗಳ ಬಾಗಿಲು, ನಿಂತ ಗಾಡಿಯ ಮಗ್ಗುಲು, ಇಲ್ಲೆಲ್ಲೂ ಹಚ್ಚುವಂತಿಲ್ಲ.

ಆವತ್ತು ಅಲ್ಲೇ ಅವ್ವನ ಮೊಣಕಾಲಿನ ವಿಷಯ ಹೇಳಿದಾಗ ಆ ಪೊಲೀಸರು ಮುಂದಿನ ಕಂಬದ ಕಡೆ ಕೈ ಮಾಡಿದರು. ಅಂಗಡಿಯೊಂದರ ತಾಡಪತ್ರಿ ಜೋತುಬಿದ್ದು ಬೋರ್ಡ್ ಅರ್ಧ ಮುಚ್ಚಿತ್ತು. ಲಾಠಿಯಿಂದ ಎತ್ತಿ ತೋರಿಸಿದರು: ನೀಲಿ ದುಂಡು, ಕೆಂಪು ಅಂಚು, ಅಡ್ಡ ಒಂದು ಕೆಂಪು ಗೆರೆ.

"ಒಂದ ಗೆರಿ ಅಂದ್ರ ಗಾಡಿ ಬಿಟ್ಟು ಹೋಗಬ್ಯಾಡ್ರಿ ಅಂತ. ಅವ್ವಾರನ್ನ ಇಳಿಸಿ ಮುಂದ ಹೋಗಬಹುದಿತ್ತು. ಎರಡ ಗೆರಿ ಕತ್ತರಿ ಆಗಿದ್ರ ನಿಲ್ಲಸೂದ ಇಲ್ಲ."

ಲೈಸೆನ್ಸ್ ಸಿಕ್ಕು ಹದಿನಾಲ್ಕು ವರ್ಷ. ಅಲ್ಲಿಯ ತನಕ ನನಗೆ ಎರಡೂ ಒಂದೇ ಬೋರ್ಡ್ ಆಗಿದ್ದವು. ಆದರೆ ತಾಡಪತ್ರಿಯ ಮಾತು ನಾನು ಬಿಡಲಿಲ್ಲ. ಜನ ಪಾಲಿಸಬೇಕಾದ ಬೋರ್ಡ್ ಮೊದಲು ಜನರ ಕಣ್ಣಿಗೆ ಬೀಳಬೇಕು. ಅದನ್ನು ಹೇಳಿದೆ, ಅವರು ಅಂಗಡಿಯವರನ್ನು ಕರೆದು ಹಗ್ಗ ಮೇಲೆ ಕಟ್ಟಿಸಿದರು.

500 ರೂಪಾಯಿ ದಂಡ ಕಟ್ಟಿ ರಸೀದಿ ಇಸಗೊಂಡೆ. ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಪ್ರಕಾರ ಮೊದಲ ಸಲಕ್ಕೆ 500ರ ತನಕ, ಮತ್ತೆ ಮಾಡಿದರೆ 1500ರ ತನಕ ದಂಡವಿದೆ. 2019ರ ತಿದ್ದುಪಡಿಗಿಂತ ಮೊದಲು ಇವು 100 ಮತ್ತು 300 ಇದ್ದವು. ಗಾಡಿ ನಂಬರ್, ಜಾಗ, ವೇಳೆ, ಕಲಂ, ಒಂದೊಂದನ್ನೂ ಅಲ್ಲೇ ನಿಂತು ಓದಿದೆ. 2023ರ ಫೆಬ್ರುವರಿಯಲ್ಲಿ ಸರಕಾರ ಹಳೆಯ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಎರಡು ಚಲನ್‌ಗಳನ್ನು ಮೊಬೈಲಿನಲ್ಲಿ ಓದದೆಯೇ ತುಂಬಿದ್ದೆ. ಯಾವ ತಪ್ಪಿಗೆ ಕಟ್ಟಿದೆ ಎಂಬುದು ಇವತ್ತಿಗೂ ಗೊತ್ತಿಲ್ಲ, ಅದು ಮನಸ್ಸಿಗೆ ಚುಚ್ಚುತ್ತದೆ.

ಹದಿನೈದು ದಿನಕ್ಕೆ ಇನ್ನೆರಡು ಸೀರೆಗಾಗಿ ಮತ್ತೆ ಹೋದೆವು. ಒಂದು ಗೆರೆಯ ಬೋರ್ಡಿನ ಬಳಿ ಅವ್ವನನ್ನು ಇಳಿಸಿ, ಕಾರನ್ನು ದೂರದ ಬಯಲಿನಲ್ಲಿ ಹಚ್ಚಿದೆ. ನಾನು ನಡೆದು ಬರುವಷ್ಟರಲ್ಲಿ ಆಕೆ ಅಂಗಡಿಯ ಗಾದಿಯ ಮೇಲೆ ಕಾಲು ಚಾಚಿ ಕುಳಿತು ಚಹಾ ಕುಡಿಯುತ್ತಿದ್ದಳು.