ಐದು ದಿನಕ್ಕೊಂದು ಋತು

ಫೆಬ್ರವರಿ ಎರಡನೇ ವಾರ. ಜಪಾನಿನ ಯೊಕೊಹಾಮಾದಲ್ಲಿ ಇನ್ನೂ ಹಲ್ಲು ಕಟಕಟಿಸುವ ಚಳಿ. ಆದರೆ ಪಕ್ಕದ ಮನೆ ಅಜ್ಜಿಯ ಕ್ಯಾಲೆಂಡರ್ ಪ್ರಕಾರ ವಸಂತ ಆಗಲೇ ಬಂದಾಗಿದೆ. ಆ ಐದು ದಿನಗಳಿಗೆ ಅದರಲ್ಲಿ ಬರೆದಿದ್ದದ್ದು ಇಷ್ಟೇ: ಉಗುಯಿಸು ಹಕ್ಕಿ ಹಾಡಲು ಶುರುಮಾಡುತ್ತದೆ. (ಅಜ್ಜಿ ಅಂತ ಬರೆಯುವುದು ಇಲ್ಲಿ ಮಾತ್ರ. ಎದುರಿಗೆ ಮನೆತನದ ಹೆಸರಿಗೆ 'ಸಾನ್' ಸೇರಿಸಿಯೇ ಕರೆಯಬೇಕು.)

ಈ ಲೆಕ್ಕ ಹುಟ್ಟಿದ್ದು ಚೀನಾದಲ್ಲಿ. ವರ್ಷಕ್ಕೆ 24 ಭಾಗ, ಒಂದೊಂದರಲ್ಲೂ ಮೂರು, ಒಟ್ಟು 72 ಪುಟ್ಟ ಋತುಗಳು. ಮಾರ್ಚ್ ನಡುವಿನ ಐದು ದಿನಗಳಲ್ಲಿ ಗಿಡುಗ ಪಾರಿವಾಳವಾಗುತ್ತದೆ ಅಂತ ಹಳೇ ಚೀನೀ ಪಟ್ಟಿ ಹೇಳುತ್ತಿತ್ತು! 17ನೇ ಶತಮಾನದಲ್ಲಿ ಶಿಬುಕಾವಾ ಶುಂಕಾಯ್ ಎಂಬ ಜ್ಯೋತಿರ್ವಿಜ್ಞಾನಿ ಜಪಾನಿನ ಹವೆಗೆ ತಕ್ಕಂತೆ ಪಟ್ಟಿ ತಿದ್ದಿದ. ಈಗ ಅದೇ ಐದು ದಿನಗಳಲ್ಲಿ ಕಂಬಳಿಹುಳ ಚಿಟ್ಟೆಯಾಗುತ್ತದೆ. ಇದನ್ನು ನಂಬಬಹುದು. ಆದರೆ ಜೂನ್‌ನಲ್ಲಿ ಕೊಳೆತ ಹುಲ್ಲು ಮಿಂಚುಹುಳವಾಗುವುದು ಮಾತ್ರ ಹಾಗೇ ಉಳಿದಿದೆ. ಅದನ್ನು ತಿದ್ದದೆ ಇದ್ದದ್ದೇ ಒಳ್ಳೆಯದಾಯಿತು, ನನಗಂತೂ ತುಂಬಾ ಇಷ್ಟ.

ಮಳೆ ನಕ್ಷತ್ರಗಳ ಲೆಕ್ಕ ಕೇಳುತ್ತಾ ಬೆಳೆದ ನನಗೆ ಇದು ತೀರಾ ಹೊಸದೇನಲ್ಲ. 'ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ' ಅನ್ನೋದನ್ನು ನಾವೂ ಹದಿಮೂರು-ಹದಿನಾಲ್ಕು ದಿನಗಳ ತುಂಡುಗಳಲ್ಲೇ ಹೇಳುತ್ತೇವೆ. ಆದರೆ ನಮ್ಮದು ಬಿತ್ತನೆಗೆ. ಇವರ ಪಟ್ಟಿಯಲ್ಲಿ ಹೂವಿಗೆ, ಹಕ್ಕಿಗೆ, ಮಂಜಿಗೆ ಕೂಡ ಸರದಿ ಇದೆ.

ಆ ಭಾನುವಾರ ಅಜ್ಜಿಯ ಅಂಗಳದಲ್ಲಿ ಉಮೆ, ಅಂದರೆ ಜಪಾನಿ ಪ್ಲಮ್ ಮರ, ಬಿಳಿ ಹೂ ಬಿಟ್ಟಿತ್ತು. ಒಂದೂ ಎಲೆಯಿಲ್ಲ. ಅಜ್ಜಿ ಕಿತ್ತಳೆಯನ್ನು ಅರ್ಧ ಮಾಡಿ ಕೊಂಬೆಗೆ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಎರಡು ಹಸಿರು ಹಕ್ಕಿಗಳು ಬಂದವು, ಕಣ್ಣ ಸುತ್ತ ಸುಣ್ಣ ಬಳಿದಂತೆ ಬಿಳಿ ಉಂಗುರ. "ಉಗುಯಿಸು!" ಅಂತ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ಫೋಟೋ ತೆಗೆದರು. ಅಜ್ಜಿ ನಕ್ಕರು. ಅವು ಮೆಜಿರೊ. ಚಿತ್ರಗಳಲ್ಲಿ ಉಮೆ ಹೂವಿನ ಜೊತೆ ಯಾವಾಗಲೂ ಉಗುಯಿಸು ಇರುವುದರಿಂದ ಇಲ್ಲಿಯವರಿಗೇ ಈ ಗೊಂದಲ ಜಾಸ್ತಿ. ಹೂವಿನ ಮಕರಂದಕ್ಕೆ ಬರುವುದು ಮೆಜಿರೊ. ನಿಜವಾದ ಉಗುಯಿಸು ಮಾಸಲು ಕಂದು, ಹುಳ ಹುಡುಕುತ್ತಾ ಪೊದೆಯೊಳಗೇ ಇರುತ್ತದೆ. ಹಾಡು ಕೇಳುತ್ತದೆ, ಮುಖ ಕಾಣುವುದೇ ಇಲ್ಲ.

ಅವತ್ತು ಹಾಡೂ ಇರಲಿಲ್ಲ. ಬೇಲಿಯ ಬಿದಿರಿನೊಳಗಿಂದ ಬರೀ 'ಚಕ್ ಚಕ್'. ಅದು ಅದರ ಚಳಿಗಾಲದ ದನಿಯಂತೆ. ಹಾಗಾದರೆ ಕ್ಯಾಲೆಂಡರ್ ಸುಳ್ಳಾ ಅಂತ ಕೇಳಿದೆ. "ಅದು ಜ್ಞಾಪಿಸುತ್ತೆ ಅಷ್ಟೇ. ಕೇಳೋ ಕೆಲಸ ನಮ್ಮದು" ಅಂದರು. ಮೊದಲಾದರೆ ಉಗುಯಿಸುವಿನ ಮೊದಲ ಹಾಡಿನ ದಿನವನ್ನು ಜಪಾನಿನ ಹವಾಮಾನ ಇಲಾಖೆಯೇ ದಾಖಲಿಸುತ್ತಿತ್ತು. 1953ರಿಂದ ನಡೆದು ಬಂದ ಪದ್ಧತಿ. 2021ರಲ್ಲಿ ಪ್ರಾಣಿ-ಪಕ್ಷಿಗಳನ್ನೆಲ್ಲ ಕೈಬಿಟ್ಟು, ಚೆರ್ರಿ, ಉಮೆ ಸೇರಿ ಆರು ಗಿಡಗಳನ್ನು ಮಾತ್ರ ಉಳಿಸಿಕೊಂಡಿತು. ಊರು ಬೆಳೆದ ಹಾಗೆ ಹಕ್ಕಿಗಳು ಸಿಗುವುದೇ ಕಷ್ಟವಾಯಿತು ಅನ್ನುವುದು ಒಂದು ಕಾರಣ. ಇದನ್ನು ಹೇಳುವಾಗ ಅಜ್ಜಿಗೆ ಸಿಟ್ಟಿತ್ತು. ನನಗೂ ಅದು ಸರಿಯೆನಿಸಲಿಲ್ಲ.

ಅಷ್ಟರಲ್ಲಿ ಹಿಯೊದೊರಿ ಬಂತು. ಬೂದು ಬಣ್ಣದ, ಜೋರು ಗಂಟಲಿನ ದೊಡ್ಡ ಪಿಕಳಾರ. ಮೆಜಿರೊಗಳನ್ನು ಓಡಿಸಿ ಕಿತ್ತಳೆಗೆ ಬಾಯಿ ಹಾಕಿತು. ಅಜ್ಜಿ ಕೈ ತಟ್ಟಿ ಎಬ್ಬಿಸಿ, ಉಳಿದ ಅರ್ಧವನ್ನು ಅದರ ಭಾರ ತಾಳದ ಸಣ್ಣ ಕಡ್ಡಿಗೆ ಚುಚ್ಚಿದರು. "ಈಗ ನೋಡೋಣ" ಅಂದರು.

ಹಿಯೊದೊರಿ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು ತಿಂದಿತು.