ಉಪ್ಪು ಹಾಕಿ ತುಕ್ಕು ಹಿಡಿಸಿದ ಕಥೆ: ಹಡಗಿನ ಮಾಡೆಲ್, ಆರನೇ ವಾರ

ಹಡಗು ಕಟ್ಟಿದ್ದು ಮೂರೇ ವಾರದಲ್ಲಿ. ಅದನ್ನು ಹಾಳು ಮಾಡೋಕೆ ಇನ್ನೂ ಮೂರು ವಾರ ಹಿಡಿಯಿತು.

ಮಾಡುತ್ತಿರುವುದು ಫಿಲಿಪ್ಪೀನ್ಸ್‌ನ ಸಿಯೆರಾ ಮಾದ್ರೆ, 1:350 ಅಳತೆ. ನಿಜವಾದದ್ದು 100 ಮೀಟರ್ ಉದ್ದ, ನನ್ನ ಮೇಜಿನ ಮೇಲೆ 28 ಸೆಂಟಿಮೀಟರ್ ಚಿಲ್ಲರೆ. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕುಗಳನ್ನು ಸೀದಾ ದಡಕ್ಕೆ ಇಳಿಸೋಕೆ ಅಮೆರಿಕ ಕಟ್ಟಿದ ಹಡಗು ಇದು. ವಿಯೆಟ್ನಾಂ ಯುದ್ಧವನ್ನೂ ನೋಡಿ 1976ರಲ್ಲಿ ಫಿಲಿಪ್ಪೀನ್ಸ್ ಪಾಲಾಯಿತು. ದಕ್ಷಿಣ ಚೀನಾ ಸಮುದ್ರದ ಹವಳದ ದಿಬ್ಬಗಳಿಗಾಗಿ ಚೀನಾಕ್ಕೂ ಫಿಲಿಪ್ಪೀನ್ಸ್‌ಗೂ ಜಗಳ. 1995ರಲ್ಲಿ ಚೀನಾ ಅಲ್ಲಿನ ಮಿಸ್ಚೀಫ್ ದಿಬ್ಬದ ಮೇಲೆ ಕಟ್ಟಡ ಎಬ್ಬಿಸಿತು. ಫಿಲಿಪ್ಪೀನ್ಸ್‌ನವರು 1999ರಲ್ಲಿ ಈ ಹಡಗನ್ನು ತಂದು ಅದರ ಹತ್ತಿರದ ಸೆಕೆಂಡ್ ಥಾಮಸ್ ಹವಳದ ದಿಬ್ಬಕ್ಕೆ ಬೇಕಂತಲೇ ಹತ್ತಿಸಿ ಬಿಟ್ಟರು. ಅವತ್ತಿನಿಂದ ಒಂದಷ್ಟು ಸೈನಿಕರ ವಾಸ ಅದರಲ್ಲೇ. ಮೈಯೆಲ್ಲ ತೂತಾದರೂ ನೌಕಾಪಡೆಯ ಪಟ್ಟಿಯಿಂದ ಹೆಸರು ತೆಗೆದಿಲ್ಲ. ತೆಗೆದರೆ ಬರೀ ಗುಜರಿ, ಇಟ್ಟರೆ ಯುದ್ಧನೌಕೆ, ಮೈಮುಟ್ಟಿದರೆ 1951ರ ರಕ್ಷಣಾ ಒಪ್ಪಂದ ಹಿಡಿದುಕೊಂಡು ಅಮೆರಿಕವನ್ನೂ ಕರೆಯಬಹುದು. ಪಕ್ಕಾ ಲೆಕ್ಕ, ಅಲ್ವಾ?

ಇನ್ನು ತುಕ್ಕು. ಮೊದಲು ಇಡೀ ಹಡಗಿಗೆ ಕಂದು ಬಣ್ಣ. ಒಣಗಿದ ಮೇಲೆ ನೀರು ಸವರಿ ಅಡುಗೆಮನೆಯ ಪುಡಿ ಉಪ್ಪು ಉದುರಿಸಿದೆ, ಅದರ ಮೇಲೆ ಬೂದು ಬಣ್ಣ ಸ್ಪ್ರೇ. ಆಮೇಲೆ ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿದರೆ ಉಪ್ಪು ಇದ್ದಲ್ಲೆಲ್ಲ ಬಣ್ಣ ಸುಲಿದು ಕಂದು ಕಾಣುತ್ತದೆ. ಮೊದಲ ಸಲ ಉಪ್ಪು ಕಮ್ಮಿಯಾಗಿ ಸಿಡುಬು ಬಂದ ಹಾಗಿತ್ತು. ಎರಡನೇ ಸಲ ಕಲ್ಲುಪ್ಪನ್ನೂ ಕುಟ್ಟಿ ಬೆರೆಸಿದೆ, ಈಗ ಪರವಾಗಿಲ್ಲ. ಫೋಟೋಗಳಲ್ಲಿ ನೋಡಿದರೆ ನಿಜವಾದ ಹಡಗು ಇದಕ್ಕಿಂತ ಜಾಸ್ತಿ ಕೆಟ್ಟಿದೆ.

ಸಮುದ್ರಕ್ಕೆ ಎಪಾಕ್ಸಿ, ಅಂದರೆ ಸುರಿದ ಮೇಲೆ ಗಟ್ಟಿಯಾಗುವ ಅಂಟು, ಸುರಿದೆ. ಅವಸರ ಮಾಡಿ ಒಂದೇ ಸಲ ದಪ್ಪಗೆ ಸುರಿದಿದ್ದಕ್ಕೆ ಬಿಸಿಯೇರಿ ಒಂದು ಮೂಲೆ ಬಿರುಕು ಬಿಟ್ಟಿತು. ಅದರ ಮೇಲೆ ಬಿಳಿ ಬಣ್ಣದ ನೊರೆ ಎಬ್ಬಿಸಿ, ಚೀನಾ ಕೋಸ್ಟ್ ಗಾರ್ಡ್‌ನ ಜಲಫಿರಂಗಿ ಹಾರಿಸಿದ ನೀರು ಅಂತ ಒಪ್ಪಿಸಿಬಿಡೋಣ ಅಂತಿದ್ದೇನೆ. ಸುಳ್ಳೇನಲ್ಲ, 2024ರ ಮಾರ್ಚ್‌ನಲ್ಲಿ ಈ ಹಡಗಿಗೆ ಸಾಮಾನು ಒಯ್ಯುತ್ತಿದ್ದ ದೋಣಿಯ ಗಾಜು ಹಾಗೇ ಪುಡಿಯಾಗಿತ್ತು. ಜೂನ್ 17ರಂದು ರಬ್ಬರ್ ದೋಣಿಗಳಲ್ಲಿ ಕೊಡಲಿ, ಚಾಕು ಹಿಡಿದು ಬಂದ ಚೀನಾದವರ ಜೊತೆಗಿನ ಜಟಾಪಟಿಯಲ್ಲಿ ಒಬ್ಬ ಫಿಲಿಪಿನೋ ನಾವಿಕ ಹೆಬ್ಬೆರಳನ್ನೇ ಕಳೆದುಕೊಂಡ. ಆ ರಬ್ಬರ್ ದೋಣಿಗಳನ್ನೂ ಮಾಡಬೇಕು, ಒಂದೊಂದು 2 ಸೆಂಟಿಮೀಟರ್ ಬರುತ್ತದೆ.

ನಿನ್ನೆ ರಾತ್ರಿ ಕೊನೆಗೆ ಬಾವುಟ. ಕಾಗದದ ಚೂರು, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಅಂಟಿಸಿ, ಫೋಟೋ ತೆಗೆದು, ಭಾವನಿಗೆ ಕಳಿಸಿದೆ. "ಯುದ್ಧ ಶುರು ಮಾಡಿಬಿಟ್ಟೆಯಲ್ಲೋ" ಅಂದರು. ಕೆಂಪು ಮೇಲೆ ಬಂದಿತ್ತು. ಫಿಲಿಪ್ಪೀನ್ಸ್ ಬಾವುಟದಲ್ಲಿ ಶಾಂತಿ ಇದ್ದಾಗ ನೀಲಿ ಮೇಲೆ, ಯುದ್ಧ ಇದ್ದಾಗ ಕೆಂಪು ಮೇಲೆ. ಚಿಮಟದಲ್ಲಿ ಕಿತ್ತು ತಿರುಗಿಸಿ ಅಂಟಿಸಿದೆ. ಮೂಲೆ ಸ್ವಲ್ಪ ಹರಿದಿದೆ, ಹಾಗೇ ಇರಲಿ.