ಐಎನ್‌ಎಸ್ ಖುಕ್ರಿ ಮಾದರಿ: ಲಿಂಬೊ ಮಾರ್ಟರ್‌ಗಳು ಡೆಕ್ ಏರಿದವು

ಭಾರತೀಯ ನೌಕಾಪಡೆಯ ಯುದ್ಧನೌಕೆ ಖುಕ್ರಿಯ ಮಾದರಿ ಕಟ್ಟುತ್ತಿದ್ದೇನೆ. ಒಡಲಿನ ಪುಟ್ಟಿ ಕೆಲಸ ಮುಗಿದು ಪ್ರೈಮರ್ ಕೂಡ ಹೊಡೆದಾಯ್ತು. ಅಸಲಿ ಹಡಗು ಸುಮಾರು 94 ಮೀಟರ್ ಉದ್ದ, 1:200 ಅಳತೆಯಲ್ಲಿ 47 ಸೆಂಟಿಮೀಟರ್. ಹಾಗಾಗಿ ಮೇಜಿನ ಮೇಲೆ ಆರಾಮಾಗಿ ಕೂರುತ್ತೆ.

ಈ ಸಲದ ಕೆಲಸವೆಲ್ಲ ಹಿಂಭಾಗದ ಡೆಕ್ಕಿನದ್ದೇ. ಬ್ಲ್ಯಾಕ್‌ವುಡ್ ವರ್ಗದ ಈ ಫ್ರಿಗೇಟ್ ಕಟ್ಟಿದ್ದೇ ಜಲಾಂತರ್ಗಾಮಿ ಬೇಟೆಗೆ. ದೊಡ್ಡ ಫಿರಂಗಿ ಇಲ್ಲ, ಇದ್ದದ್ದು 40 ಎಂಎಂ ಬೋಫೋರ್ಸ್ ತೋಪುಗಳಷ್ಟೇ. ನಿಜವಾದ ಬಲ ಇದ್ದದ್ದು ಹಿಂಭಾಗದ ಎರಡು ಲಿಂಬೊ ಮಾರ್ಟರ್‌ಗಳಲ್ಲಿ, ಅಂದರೆ ನೀರೊಳಗೆ ಸಿಡಿಯುವ ಬಾಂಬನ್ನು ಜಲಾಂತರ್ಗಾಮಿಯತ್ತ ಹಾರಿಸುವ ಆಯುಧಗಳಲ್ಲಿ. ಒಂದೊಂದಕ್ಕೂ ಮೂರು ನಳಿಕೆ, ಬಾಂಬಿನ ಅಡ್ಡಳತೆ 305 ಎಂಎಂ. ಎಷ್ಟು ಆಳದಲ್ಲಿ ಸಿಡಿಯಬೇಕು ಅನ್ನೋದನ್ನ ಸೋನಾರ್ (ಶಬ್ದದಿಂದ ನೀರೊಳಗಿನ ಗುರಿ ಪತ್ತೆಹಚ್ಚುವ ಸಾಧನ) ಲೆಕ್ಕದ ಮೇಲೆ ಹಾರಿಸುವ ಮುಂಚೆ ಹೊಂದಿಸುತ್ತಿದ್ದರು. ಸಣ್ಣ ಹಿತ್ತಾಳೆ ಕೊಳವೆ ಕತ್ತರಿಸಿ, ಬಾಯಿ ಅಂಚನ್ನು ಅರದಿಂದ ತೆಳುವಾಗಿಸಿ, ಮೂರನ್ನೂ ಒಂದೇ ಸಾಲಿಗೆ ಚೌಕಟ್ಟಿನಲ್ಲಿ ಕೂರಿಸಿದೆ. ಒಂದು ಕೂದಲೆಳೆ ವಾಲಿದರೂ ಎದ್ದು ಕಾಣುತ್ತೆ. ಅಂಟು ಒಣಗುವವರೆಗೆ ಪಕ್ಕದಲ್ಲಿ ಸ್ಟೈರೀನ್ ಪ್ಲಾಸ್ಟಿಕ್ ತುಂಡು ಒತ್ತಿಟ್ಟಿದ್ದರಿಂದ ನೆಟ್ಟಗೆ ನಿಂತವು.

ಇವುಗಳ ಮೇಲೆ ಇಷ್ಟು ಹೊತ್ತು ಕಳೆಯೋದಕ್ಕೆ ಕಾರಣವಿದೆ. ಖುಕ್ರಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಅದು ಮುಳುಗಿದ್ದು. ಆದರೆ 1971ರ ಡಿಸೆಂಬರ್‌ನಲ್ಲಿ ಅದು ದಿಯು ಕಡೆಯ ಸಮುದ್ರದಲ್ಲಿದ್ದದ್ದು ಬೇಟೆಗಾರನಾಗಿ. ಪಾಕಿಸ್ತಾನದ ಜಲಾಂತರ್ಗಾಮಿಯ ರೇಡಿಯೊ ಸಂಕೇತಗಳು ಸಿಕ್ಕಿದ್ದರಿಂದ, ಜೊತೆಗಾರ ಹಡಗು ಕೃಪಾಣ್ ಸಮೇತ ಅದನ್ನು ಹುಡುಕಲು ಮುಂಬೈಯಿಂದ ಕಳಿಸಿದ್ದರು. ಲಿಂಬೊ ಬಾಂಬು ಹೋಗುತ್ತಿದ್ದದ್ದು ಹೆಚ್ಚೆಂದರೆ 900 ಮೀಟರ್ ಚಿಲ್ಲರೆ. ಫ್ರಾನ್ಸ್‌ನಲ್ಲಿ ಕಟ್ಟಿದ ಆ ಪಾಕಿಸ್ತಾನಿ ಜಲಾಂತರ್ಗಾಮಿ ಹ್ಯಾಂಗೋರ್ ಅದಕ್ಕಿಂತ ಎಷ್ಟೋ ದೂರದಿಂದಲೇ ಟಾರ್ಪೆಡೊ ಬಿಡಬಲ್ಲದು. ಡಿಸೆಂಬರ್ 9ರ ರಾತ್ರಿ ಕೃಪಾಣ್ ಕಡೆ ಬಿಟ್ಟ ಮೊದಲ ಟಾರ್ಪೆಡೊ ಸಿಡಿಯಲಿಲ್ಲ, ಆಮೇಲೆ ಬಿಟ್ಟದ್ದು ಖುಕ್ರಿಗೆ ಬಡಿಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಇಂಥ ಸಿಬ್ಬಂದಿ ಕೈಯಲ್ಲಿದ್ದ ಆಯುಧದ ಮಿತಿ ಏನಿತ್ತು ಅನ್ನೋದು ಮಾದರಿ ನೋಡಿದವರಿಗೂ ತಿಳಿಯಬೇಕು ಅನ್ನೋದು ನನ್ನಾಸೆ. ಅದಕ್ಕೇ ಮಾರ್ಟರ್‌ಗಳನ್ನು ಮುಚ್ಚಿಡದೆ, ನಳಿಕೆ ಮೇಲೆತ್ತಿ, ಹಾರಿಸಲು ಸಿದ್ಧವಾದ ಭಂಗಿಯಲ್ಲೇ ಇಟ್ಟಿದ್ದೇನೆ.

ಡೆಕ್ಕಿನ ಬೂದು ಬಣ್ಣ ಇನ್ನೂ ಒಂದು ಕೋಟ್ ಕೇಳುತ್ತಿದೆ. ಅದು ಒಣಗಿದ ಮೇಲೆ ಬೋಫೋರ್ಸ್ ನಳಿಕೆಗಳು, ಆಮೇಲೆ ರೇಡಾರ್ ಕಂಬ. ಕಂಬದ ಜಾಲರಿಗೆ ತೆಳು ತಾಮ್ರದ ತಂತಿ ತಂದಿಟ್ಟಿದ್ದೇನೆ, ಬೆಸುಗೆ ಹಾಕಬೇಕು.